ಸಹಿ ಹೊಂದದ ಲಕೋಟೆಗಳು

ಗೆಲ್ಲಲಿ ಎಂದು ಬಯಸಿದವರು ಚುನಾವಣೆಯಲ್ಲಿ ಸೋತಾಗ ಆಗುವ ಬೇಸರಕ್ಕೆ ಮರ್ಯಾದೆಯಿಲ್ಲ. ಮನೆಯಲ್ಲಿ ಯಾರಿಗೂ ಹುಷಾರು ತಪ್ಪಿಲ್ಲ, ಕೆಲಸ ಹೋಗಿಲ್ಲ, ಸಾಲಗಾರರು ಬಾಗಿಲು ಬಡಿದಿಲ್ಲ. ಹಾಗಿರುವಾಗ ಊಟ ಸೇರುತ್ತಿಲ್ಲ ಎಂದು ಯಾರ ಮುಂದೆ ಹೇಳಿಕೊಳ್ಳುವುದು? 2024ರ ನವೆಂಬರ್ 5ರ ರಾತ್ರಿ, ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಟ್ರಂಪ್ ಪಾಲಾಯಿತು ಎಂಬ ಸುದ್ದಿ ಬಂದಾಗ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಹನ್ನೊಂದೂವರೆಯೂ ಆಗಿರಲಿಲ್ಲ. ಟಿವಿ ಆರಿಸಿ ಮಲಗಿದೆ. ಮರುದಿನದಿಂದ ಶುರುವಾದದ್ದು ಒಂದು ಬಗೆಯ ಲೆಕ್ಕದ ಹುಚ್ಚು. ಅಧ್ಯಕ್ಷರನ್ನು ಆರಿಸುವ ಚುನಾಯಕ ಮಂಡಳಿಯಲ್ಲಿ ಟ್ರಂಪ್‌ಗೆ 312, ಕಮಲಾ ಹ್ಯಾರಿಸ್‌ಗೆ 226, ಒಟ್ಟು ಮತಗಳಲ್ಲಿ ಶೇಕಡಾ 49.8ಕ್ಕೆ 48.3. ಯಾವ ರಾಜ್ಯದ ಯಾವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ನಾಲ್ಕು ವರ್ಷದಲ್ಲಿ ಎಷ್ಟು ಬಲಕ್ಕೆ ವಾಲಿತು ಎಂದು ನಕ್ಷೆಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆ. ನೋಡಿ ಮಾಡುವುದೇನು ಎಂದು ಕೇಳಿದರೆ ಉತ್ತರವಿರಲಿಲ್ಲ. ದಶಮಾಂಶದವರೆಗೆ ಗೊತ್ತಿದ್ದರೆ ನೋವು ಹಿಡಿತದಲ್ಲಿದೆ ಎಂಬ ಭ್ರಮೆ ಇರಬೇಕು.

ನಾನು ಈ ದೇಶದ ಪೌರತ್ವ ತೆಗೆದುಕೊಂಡವಳು, ತಿಪಟೂರಿನವಳು. ಅಮ್ಮ ಈಗಲೂ ಅಲ್ಲೇ ಇದ್ದಾರೆ. ಕಮಲಾ ಹ್ಯಾರಿಸ್ ಅವರ ತಾತನ ಊರು, ತಮಿಳುನಾಡಿನ ತುಳಸೇಂದ್ರಪುರದಲ್ಲಿ ಪೂಜೆ ನಡೆದದ್ದನ್ನು ಟಿವಿಯಲ್ಲಿ ನೋಡಿದ್ದ ಅಮ್ಮ, "ಅಷ್ಟು ಅಭಿಷೇಕ ಮಾಡಿಸಿದರಲ್ಲೇ, ಆದರೂ ಸೋತುಹೋದಳಾ ಪಾಪ" ಎಂದರು. ನನಗೆ ಸಿಕ್ಕ ಸಾಂತ್ವನಗಳಲ್ಲಿ ಅದೇ ಅತ್ಯುತ್ತಮವಾದದ್ದು. ಬೆಂಗಳೂರಿನಲ್ಲಿರುವ ತಮ್ಮ ಇನ್ನಷ್ಟು ನೇರ. "ಅಕ್ಕ, ನೀನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಅವರ ಪಕ್ಷ ಹೇಗಿದ್ದರೂ ಗೆಲ್ಲುತ್ತದೆ. ನಿನ್ನ ಒಂದು ಮತ ಇದ್ದರೇನು, ಇಲ್ಲದಿದ್ದರೇನು?" ಇಲ್ಲಿನ ಕನ್ನಡಿಗರ ನಡುವೆಯೂ ಈ ವಿಷಯ ಎತ್ತುವ ಹಾಗಿರಲಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೋದರೆ ಅರ್ಧ ಸಭಾಂಗಣ ಒಳಗೊಳಗೇ ಖುಷಿಯಾಗಿತ್ತು, ಇನ್ನರ್ಧ ಬಿಸಿಬೇಳೆಬಾತಿನ ಬಗ್ಗೆ ಮಾತನಾಡುತ್ತಿತ್ತು. ನಾನು ಎರಡನೆಯ ಗುಂಪಿನಲ್ಲಿ ನಿಂತು, ಈ ಸಲ ತುಪ್ಪ ಕಡಿಮೆಯಾಯಿತು ಎಂದೆ.

ಗೆಳತಿಯೊಬ್ಬಳು ಮೊಬೈಲಿಗೆ ಒಂದು ಸಂದೇಶ ಕಳಿಸಿದ್ದು ಆ ದಿನಗಳಲ್ಲಿ. ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಸದಸ್ಯರನ್ನು ಕಳಿಸುವ ಕ್ಯಾಲಿಫೋರ್ನಿಯಾದ 13ನೇ ಕ್ಷೇತ್ರದಲ್ಲಿ ಎಣಿಕೆ ಮುಗಿದಿಲ್ಲ, ತಡೆಹಿಡಿದ ಮತಪತ್ರಗಳನ್ನು ಸರಿಪಡಿಸಲು ಮನೆಮನೆಗೆ ಹೋಗುವವರು ಬೇಕು ಎಂದಿತ್ತು. ಎಣಿಕೆ ಮುಗಿದಿಲ್ಲ ಎನ್ನುವ ಮಾತೇ ಸಾಕಾಯಿತು. ಇಡೀ ದೇಶದ ಪುಸ್ತಕ ಮುಚ್ಚಿದ ಮೇಲೂ ಒಂದು ಪುಟ ತೆರೆದೇ ಇತ್ತು.

ಈ ಕ್ಷೇತ್ರ ನಾನಿರುವ ಸಿಲಿಕಾನ್ ಕಣಿವೆಯಿಂದ ಪೂರ್ವಕ್ಕೆ ಎರಡು ಗಂಟೆಯ ಹಾದಿ. ಗಿಲ್ರಾಯ್ ದಾಟುವಾಗ ಕಾರಿನೊಳಗೂ ಬೆಳ್ಳುಳ್ಳಿಯ ವಾಸನೆ ತುಂಬುತ್ತದೆ. ಆಮೇಲೆ ಪಚೇಕೊ ಕಣಿವೆದಾರಿ, ಸ್ಯಾನ್ ಲೂಯಿಸ್ ಜಲಾಶಯ. ಗುಡ್ಡ ಇಳಿದರೆ ಕಣ್ಣಿಗೆ ಎಟುಕುವಷ್ಟು ದೂರ ಚಪ್ಪಟೆ ನೆಲ. ಬಾದಾಮಿ ತೋಟಗಳು, ಗೆಣಸಿನ ಹೊಲಗಳು, ಹಸುವಿನ ಕೊಟ್ಟಿಗೆಗಳು, ಕೋಳಿ ಸಂಸ್ಕರಿಸುವ ಕಾರ್ಖಾನೆ. ಆಗ ಇಡೀ ಮರ್ಸೆಡ್ ಕೌಂಟಿ, ಜೊತೆಗೆ ಮಡೇರಾದ ಹೆಚ್ಚಿನ ಭಾಗ, ಸುತ್ತಲಿನ ಕೌಂಟಿಗಳ ಒಂದಿಷ್ಟು ತುಂಡುಗಳು ಸೇರಿ ಆಗಿದ್ದ ಕ್ಷೇತ್ರ ಇದು. ಡೆಲ್ಲಿ ಎಂದು ಬರೆದು 'ಡೆಲ್‌ಹೈ' ಎಂದು ಕರೆಯುವ ಊರೂ ಇಲ್ಲಿದೆ. 2022ರಲ್ಲಿ ಇಲ್ಲಿ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಜಾನ್ ಡುವಾರ್ಟೆ, ಹ್ಯಾರಿಸ್ ಅವರ ಡೆಮಾಕ್ರಟಿಕ್ ಪಕ್ಷದ ಆ್ಯಡಮ್ ಗ್ರೇ ಅವರನ್ನು 564 ಮತಗಳಿಂದ ಸೋಲಿಸಿದ್ದರು. 2024ರಲ್ಲಿ ಅದೇ ಇಬ್ಬರು ಮತ್ತೆ ಎದುರಾಬದುರಾದರು. ಮೊದಲ ರಾತ್ರಿ ಡುವಾರ್ಟೆ ಮುಂದಿದ್ದರು, ಅಂಚೆಯ ಮತಗಳು ಎಣಿಕೆಯಾಗುತ್ತಾ ಹೋದಂತೆ ಅಂತರ ಕರಗುತ್ತಿತ್ತು.

ಲಕೋಟೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಪ್ರತಿಯೊಬ್ಬ ಸಕ್ರಿಯ ಮತದಾರನ ಮನೆಗೂ ಅಂಚೆಯಲ್ಲಿ ಮತಪತ್ರ ಬರುತ್ತದೆ. ಮನೆಯಲ್ಲೇ ಕುಳಿತು ತುಂಬಿ, ಅದರ ಜೊತೆ ಬಂದ ಲಕೋಟೆಯಲ್ಲಿಟ್ಟು, ಲಕೋಟೆಯ ಹಿಂಭಾಗದಲ್ಲಿ ಸಹಿ ಮಾಡಿ ಕಳಿಸಬೇಕು. ಚುನಾವಣೆಯ ದಿನದೊಳಗೆ ಅಂಚೆಯ ಮುದ್ರೆ ಬಿದ್ದಿದ್ದರೆ, ಕಚೇರಿಗೆ ತಲುಪಲು ಇನ್ನೂ ಏಳು ದಿನದ ಅವಕಾಶವಿದೆ. ಕೌಂಟಿ ಕಚೇರಿಯಲ್ಲಿ ಲಕೋಟೆಯನ್ನು ಒಡೆಯುವ ಮೊದಲು ಅದರ ಮೇಲಿನ ಸಹಿಯನ್ನು ದಾಖಲೆಯಲ್ಲಿರುವ ಸಹಿಯೊಂದಿಗೆ ಹೋಲಿಸುತ್ತಾರೆ. ಹೊಂದಿದರೆ ಲಕೋಟೆ ಮುಂದಕ್ಕೆ ಹೋಗುತ್ತದೆ. ಹೊಂದದಿದ್ದರೆ, ಅಥವಾ ಸಹಿಯೇ ಇಲ್ಲದಿದ್ದರೆ ಪಕ್ಕಕ್ಕೆ. ಪಕ್ಕಕ್ಕಿಟ್ಟ ಲಕೋಟೆಯ ಮತದಾರನಿಗೆ ಕೌಂಟಿ ಪತ್ರ ಬರೆದು ತಿಳಿಸಲೇಬೇಕು. ಆತ ಒಂದು ಪುಟದ ಹೇಳಿಕೆಗೆ ಸಹಿ ಮಾಡಿ ಅಂಚೆಯಲ್ಲೋ ಇಮೇಲಿನಲ್ಲೋ ಖುದ್ದಾಗಿಯೋ ತಲುಪಿಸಿದರೆ ಮತ ಎಣಿಕೆಗೆ ಸೇರುತ್ತದೆ. ಆ ವರ್ಷ ಅದಕ್ಕೆ ಡಿಸೆಂಬರ್ 1ರವರೆಗೆ ಗಡುವಿತ್ತು. ಈ ಕೆಲಸಕ್ಕೆ ಇಲ್ಲಿ 'ಬ್ಯಾಲೆಟ್ ಕ್ಯೂರಿಂಗ್' ಎನ್ನುತ್ತಾರೆ.

ಈ ಅವಕಾಶ ಮೊದಲಿನಿಂದಲೂ ಇದ್ದದ್ದಲ್ಲ. 2016ರ ಚುನಾವಣೆಯಲ್ಲಿ ಸೊನೋಮಾ ಕೌಂಟಿಯ ಮತದಾರರೊಬ್ಬರ ಮತ ಸಹಿ ಹೊಂದದ ಕಾರಣಕ್ಕೆ ತಿರಸ್ಕೃತವಾಯಿತು. ಅದು ಅವರಿಗೆ ಗೊತ್ತಾದದ್ದು ಎಂಟು ತಿಂಗಳು ಕಳೆದ ಮೇಲೆ. ಅವರು ನ್ಯಾಯಾಲಯಕ್ಕೆ ಹೋದರು. ಮತದಾರನಿಗೆ ತಿಳಿಸದೆ, ಸರಿಪಡಿಸಲು ಅವಕಾಶ ಕೊಡದೆ ಮತವನ್ನು ತಿರಸ್ಕರಿಸುವಂತಿಲ್ಲ ಎಂದು ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಲಯ 2018ರಲ್ಲಿ ಹೇಳಿತು. ಅದೇ ವರ್ಷ ಶಾಸನವೂ ಬಂತು. ನಂತರದ ಕಾನೂನು ಇನ್ನೂ ಬಿಗಿ. ಸಹಿ ಮತದಾರನದೇ ಎಂದು ನಂಬಿಕೊಂಡೇ ಹೋಲಿಕೆ ಶುರುವಾಗಬೇಕು. ಒಬ್ಬರಿಗೆ ಅನುಮಾನ ಬಂದರೆ ಸಾಲದು, ಬೇರೆ ಇಬ್ಬರು ಅಧಿಕಾರಿಗಳು ಸಂಶಯಕ್ಕೆ ಎಡೆಯಿಲ್ಲದಂತೆ ಒಪ್ಪಿದರೆ ಮಾತ್ರ ತಿರಸ್ಕಾರ. ಇದನ್ನು ಓದಿದಾಗ ನಮ್ಮ ಬ್ಯಾಂಕುಗಳು ನೆನಪಾದವು. 'ಸಹಿ ಹೊಂದುವುದಿಲ್ಲ' ಎಂಬ ಚೀಟಿಯೊಂದಿಗೆ ವಾಪಸಾದ ಚೆಕ್ಕನ್ನು ಹಿಡಿದುಕೊಂಡು ಕೌಂಟರಿನ ಮುಂದೆ ನಿಂತು, ನಾನು ನಾನೇ ಎಂದು ಸಾಬೀತು ಮಾಡಲು ಒದ್ದಾಡದ ಕನ್ನಡಿಗರು ನನ್ನ ವಯಸ್ಸಿನವರಲ್ಲಿ ಕಡಿಮೆ.

ನನಗೆ ಇನ್ನೊಂದು ಹಿನ್ನೆಲೆಯೂ ಇದೆ. ಅಪ್ಪ ಅಂಚೆ ಕಚೇರಿಯಲ್ಲಿದ್ದರು. ವೃದ್ಧಾಪ್ಯ ವೇತನದ ಮನಿಯಾರ್ಡರ್ ಬಂದ ದಿನ ಜಗುಲಿಯ ಮೇಲೆ ಸಾಲು. ಓದು ಬರಹ ಬಾರದವರ ಹೆಬ್ಬೆರಳನ್ನು ಅಪ್ಪ ತಾವೇ ಹಿಡಿದು ಮಸಿಯ ಪ್ಯಾಡಿಗೆ ಒತ್ತಿ, ಫಾರಂ ಮೇಲೆ ಎಡದಿಂದ ಬಲಕ್ಕೆ ಒಮ್ಮೆ ಉರುಳಿಸುತ್ತಿದ್ದರು. ಪಕ್ಕದಲ್ಲಿ ಸಾಕ್ಷಿಯ ಸಹಿ. ಬೆರಳಿನ ಗೆರೆ ಸರಿಯಾಗಿ ಮೂಡದಿದ್ದರೆ ಇನ್ನೊಂದು ಸಲ. ಸಾಲು ಎಷ್ಟೇ ಉದ್ದವಿದ್ದರೂ ಅವಸರವಿರಲಿಲ್ಲ. ಕ್ಯಾಲಿಫೋರ್ನಿಯಾದ ಆ ಒಂದು ಪುಟದ ಹೇಳಿಕೆಯ ಕೆಳಗೂ, ಸಹಿ ಮಾಡಲಾಗದವರು ಗುರುತು ಹಾಕಬಹುದು, ಸಾಕ್ಷಿಯೊಬ್ಬರು ಸಹಿ ಮಾಡಬೇಕು ಎಂದಿರುವುದನ್ನು ನೋಡಿ, ಇದು ನನಗೆ ಗೊತ್ತಿರುವ ಕೆಲಸವೇ ಎನಿಸಿತು.

ಬೆಳಿಗ್ಗೆ ಒಂದು ಕಡೆ ಸೇರಿ ಅರ್ಧ ಗಂಟೆಯ ತರಬೇತಿ. ಮೊಬೈಲಿನಲ್ಲಿ ಮಿನಿವ್ಯಾನ್ ಎಂಬ ಆ್ಯಪ್, ಅದರಲ್ಲಿ ಹೆಸರು, ವಿಳಾಸ, ಯಾವ ಕಾರಣಕ್ಕೆ ಲಕೋಟೆ ನಿಂತಿದೆ ಎಂಬ ವಿವರ. ಕೈಯಲ್ಲಿ ಖಾಲಿ ಫಾರಂಗಳು, ನಾಲ್ಕಾರು ಪೆನ್ನು, ಬರೆಯಲು ಒಂದು ರಟ್ಟು. ಇವುಗಳಲ್ಲಿ ರಟ್ಟನ್ನು ಮರೆತವರು ದಿನವಿಡೀ ಪರದಾಡುತ್ತಿದ್ದರು. ಯಾರಿಗೆ ಮತ ಹಾಕಿದಿರಿ ಎಂದು ಕೇಳಬಾರದು, ಅವರೇ ಹೇಳಲು ಹೊರಟರೂ ವಿಷಯ ಬದಲಿಸಬೇಕು. ಸಂಜೆ ಫಾರಂಗಳನ್ನು ಒಟ್ಟುಗೂಡಿಸುವವರಿಗೆ ಕೊಟ್ಟರೆ ಅವರು ಕೌಂಟಿ ಕಚೇರಿಗೆ ಮುಟ್ಟಿಸುತ್ತಿದ್ದರು.

ನವೆಂಬರ್‌ನಲ್ಲಿ ಆ ಕಣಿವೆಯ ಮಂಜು ಹೆಸರುವಾಸಿ. ಟೂಲಿ ಮಂಜು ಎನ್ನುತ್ತಾರೆ. ಬೆಳಿಗ್ಗೆ ಹತ್ತರವರೆಗೆ ಎದುರಿನ ಮನೆಯ ಸಂಖ್ಯೆಯೂ ಕಾಣುವುದಿಲ್ಲ. ಕೆಲವು ವಿಳಾಸಗಳು ತೋಟದ ನಡುವಿನ ಮಣ್ಣುರಸ್ತೆಯ ಕೊನೆಯಲ್ಲಿ ಇರುತ್ತಿದ್ದವು, ಅಲ್ಲಿ ನಮ್ಮನ್ನು ಮೊದಲು ಬರಮಾಡಿಕೊಳ್ಳುತ್ತಿದ್ದುದು ನಾಯಿಗಳೇ. ಅಪರಿಚಿತೆಯೊಬ್ಬಳು ಬಾಗಿಲಿಗೆ ಬಂದು 'ಇಲ್ಲಿ ಸಹಿ ಮಾಡಿ' ಎಂದರೆ ಯಾರು ತಾನೇ ನಂಬುತ್ತಾರೆ? ನಾನಾಗಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲ. ಅದಕ್ಕೆ ಮೊದಲು ಹೇಳುತ್ತಿದ್ದ ಮಾತು ಒಂದೇ, ಕೌಂಟಿಯಿಂದ ನಿಮಗೊಂದು ಪತ್ರ ಬಂದಿರಬೇಕು, ಸ್ವಲ್ಪ ನೋಡುತ್ತೀರಾ? ಹೆಚ್ಚಿನವರ ಮನೆಯಲ್ಲಿ ಅದು ಅಂಗಡಿಗಳ ಜಾಹೀರಾತಿನ ರಾಶಿಯ ಕೆಳಗೆ ಒಡೆಯದೇ ಬಿದ್ದಿರುತ್ತಿತ್ತು. ಪತ್ರ ಸಿಕ್ಕಿತೆಂದರೆ ಮುಖಭಾವವೇ ಬದಲಾಗುತ್ತಿತ್ತು.

ಲಿವಿಂಗ್‌ಸ್ಟನ್ ಊರಿನಲ್ಲಿ ಪಂಜಾಬಿಗಳು ಬಹಳ. ಅಲ್ಲಿ ಒಂದು ಮನೆಯಲ್ಲಿ ಬಾಗಿಲು ತೆರೆದದ್ದು ಎಂಬತ್ತರ ಆಸುಪಾಸಿನ ಅಜ್ಜಿ, ಸಲ್ವಾರಿನ ಮೇಲೆ ದಪ್ಪ ಸ್ವೆಟರು. ಅವರ ಪಂಜಾಬಿ ನನಗೆ ಬಾರದು, ನನ್ನ ತಿಪಟೂರು ಹಿಂದಿ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಳಗೆ ಕರೆದು ಊಟದ ಮೇಜಿನ ಮುಂದೆ ಕೂರಿಸಿದರು. ಎರಡು ವರ್ಷದ ಹಿಂದೆ ಪಾರ್ಶ್ವವಾಯುವಾಗಿ ಬಲಗೈ ಮೊದಲಿನಂತಿಲ್ಲ. ದಾಖಲೆಯಲ್ಲಿದ್ದದ್ದು ಅದಕ್ಕೂ ಮೊದಲಿನ ಸಹಿ. ಕನ್ನಡಕ ಹಾಕಿಕೊಂಡು, ಮಿಠಾಯಿ ಡಬ್ಬದ ಮುಚ್ಚಳದ ಮೇಲೆ ಎರಡು ಸಲ ಸಹಿ ಅಭ್ಯಾಸ ಮಾಡಿದರು. ಮೊದಲಕ್ಷರ ನೆಟ್ಟಗೆ ಬಂತು, ಮುಂದಿನದು ಕೆಳಕ್ಕೆ ಜಾರಿತು. "ಬೇಟಿ, ಇದು ಅವರಿಗೆ ಆದೀತೇ?" ಎಂದರು. ಗುರುತು ಹಾಕಿದರೂ ಸಾಕು, ನಾನು ಸಾಕ್ಷಿ ಹಾಕುತ್ತೇನೆ ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಗುರುತೇ? ನಾನು ಹೋಶಿಯಾರ್‌ಪುರದಲ್ಲಿ ಹತ್ತನೆಯ ತರಗತಿ ಪಾಸು ಮಾಡಿದವಳು" ಎಂದು ಫಾರಂ ಎಳೆದುಕೊಂಡು, ಹೆಸರಿನ ಪ್ರತಿಯೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಬರೆದರು. ಅದಕ್ಕೆ ಹಿಡಿದ ಸಮಯದಲ್ಲಿ ಸೊಸೆ ಚಹಾ ಮಾಡಿ ತಂದಿದ್ದಳು.

ವಯಸ್ಸಾದವರದು ಕೈ ನಡುಗುವ ಸಮಸ್ಯೆಯಾದರೆ, ಎಳೆಯರಿಗೆ ಸಹಿ ಎನ್ನುವುದೇ ಇಲ್ಲ. ಪಕ್ಕದ ನೆವಾಡಾ ರಾಜ್ಯದ ಚುನಾವಣೆಯ ಉಸ್ತುವಾರಿ ಹೊತ್ತ ಸಿಸ್ಕೊ ಅಗಿಲಾರ್ ಆ ಚುನಾವಣೆಯ ಹೊತ್ತಿನಲ್ಲಿ ಇದನ್ನೇ ಹೇಳಿದ್ದರು. ಚಾಲನಾ ಪರವಾನಗಿ ಮಾಡಿಸುವಾಗ ಡಿಜಿಟಲ್ ಹಲಗೆಯ ಮೇಲೆ ಗೀಚಿದ್ದೇ ಹುಡುಗರ ಅಧಿಕೃತ ಸಹಿಯಾಗಿಬಿಡುತ್ತದೆ, ಕಾಗದದ ಮೇಲೆ ಪೆನ್ನು ಹಿಡಿದರೆ ಬೇರೆಯದೇ ಬರುತ್ತದೆ ಎಂದು. ಮರ್ಸೆಡ್‌ನಲ್ಲಿ ಒಬ್ಬ ಹುಡುಗ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವನು ಕಣ್ಣುಜ್ಜಿಕೊಂಡು ಬಂದ. ಪರವಾನಗಿಯಲ್ಲಿರುವ ಹಾಗೆ ಸಹಿ ಮಾಡಬೇಕು ಎಂದೆ. ಪರ್ಸಿನಿಂದ ಕಾರ್ಡು ತೆಗೆದು, ಅದರಲ್ಲಿದ್ದ ಒಂದು ಅಲೆಯಂಥ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಾನು ಮಾಡಿದ್ದೇ?" ಎಂದು ನನ್ನನ್ನೇ ಕೇಳಿದ. ಈ ರಾಜ್ಯದಲ್ಲಿ ಹದಿನಾರಕ್ಕೇ ಮತದಾರರ ಪಟ್ಟಿಗೆ ಮುಂಗಡವಾಗಿ ಹೆಸರು ಕೊಡಬಹುದು, ಆ ವಯಸ್ಸಿನಲ್ಲಿ ಮಾಡಿದ ಗೀಟು ಇರಬೇಕು. ಲಕೋಟೆಯ ಮೇಲೆ ಅವನು ಶಾಲೆಯಲ್ಲಿ ಕಲಿಸಿದಂತೆ ಪೂರ್ತಿ ಹೆಸರನ್ನು ಮುದ್ದಾಗಿ ಬರೆದಿದ್ದನಂತೆ. ಮುದ್ದಾಗಿ ಬರೆದದ್ದೇ ತಪ್ಪಾಗಿತ್ತು.

ಇನ್ನುಳಿದ ಕಾರಣಗಳು ಎಲ್ಲ ಸಂಸಾರಗಳಲ್ಲೂ ಇರುವಂಥವು. ಗಂಡನ ಲಕೋಟೆಯ ಮೇಲೆ ಹೆಂಡತಿಯ ಸಹಿ, ಹೆಂಡತಿಯದರ ಮೇಲೆ ಗಂಡನದು. ಮದುವೆಯಾಗಿ ಹೆಸರು ಬದಲಾದವರು. ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದವರು. ಸಹಿಯನ್ನೇ ಮರೆತವರು, ಅವರೇ ಎಲ್ಲರಿಗಿಂತ ಹೆಚ್ಚು ನಾಚಿಕೊಳ್ಳುತ್ತಿದ್ದವರು.

ನನಗೆ ಈ ಕೆಲಸದಲ್ಲಿ ಇರುಸುಮುರುಸಾದದ್ದು ಪಟ್ಟಿಯ ವಿಷಯ. ಕೌಂಟಿ ಎಲ್ಲರಿಗೂ ಪತ್ರ ಬರೆಯುತ್ತದೆ, ಸರಿ. ಬಾಗಿಲು ಬಡಿಯುವವರು ಮಾತ್ರ ಪಕ್ಷದವರು. ನನ್ನ ಪಟ್ಟಿಯಲ್ಲಿ ನಮ್ಮ ಪಕ್ಷದವರೆಂದು ದಾಖಲಾದವರು ಮತ್ತು ನಮ್ಮ ಕಡೆ ಒಲವಿರಬಹುದು ಎಂದು ಊಹಿಸಿದವರು ಇದ್ದರು. ಪಕ್ಕದ ಮನೆಯಲ್ಲಿ ಅದೇ ತೊಂದರೆಯ ಇನ್ನೊಬ್ಬ ಮತದಾರ ಇದ್ದರೂ ನನ್ನ ಮೊಬೈಲಿನಲ್ಲಿ ಆ ಮನೆ ಕಾಣುತ್ತಿರಲಿಲ್ಲ. ಎದುರು ಪಕ್ಷದವರೂ ತಮ್ಮ ಪಟ್ಟಿ ಹಿಡಿದು ಓಡಾಡುತ್ತಿದ್ದರು, ಆದ್ದರಿಂದ ಲೆಕ್ಕ ಸಮವಾಗುತ್ತದೆ ಎಂದು ಸಂಚಾಲಕರು ಹೇಳಿದರು. ಸಮವಾಗುವುದಿಲ್ಲ. ಯಾವ ಪಕ್ಷಕ್ಕೂ ಬೇಡವಾದ ಮತದಾರ, ಯಾರ ಅಂದಾಜಿಗೂ ಸಿಗದವನು, ಬರೀ ಪತ್ರವನ್ನು ನೆಚ್ಚಿಕೊಂಡು ಇರಬೇಕು. ಸ್ಪರ್ಧೆ ಬಿಗಿಯಿಲ್ಲದ ಕ್ಷೇತ್ರಗಳಲ್ಲಂತೂ ಯಾರ ಬಾಗಿಲಿಗೆ ಯಾರು ಹೋಗುತ್ತಾರೆ? ಇದು ಕೌಂಟಿಯೇ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ ಎಂದು ನನ್ನ ಅಭಿಪ್ರಾಯ, ಅಪ್ಪನ ಅಂಚೆ ಕಚೇರಿ ಮಾಡುತ್ತಿದ್ದ ಹಾಗೆ. ಹಾಗೆ ಹೇಳಿಕೊಂಡೂ ಪಟ್ಟಿ ಹಿಡಿದು ಮುಂದಿನ ಮನೆಗೆ ಹೋದೆ.

ಈ ಇರುಸುಮುರುಸಿನ ಒಳಗೇ ಇನ್ನೊಂದು ವಿಷಯ ಅಡಗಿತ್ತು. ಆ ಕ್ಷೇತ್ರದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಹೆಚ್ಚು ಮತ ಬಿದ್ದದ್ದು ಟ್ರಂಪ್‌ಗೆ. ಕಾಂಗ್ರೆಸ್ ಸ್ಥಾನಕ್ಕೆ ಗ್ರೇ, ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಎಂದು ಒಂದೇ ಕಾಗದದಲ್ಲಿ ಗುರುತು ಹಾಕಿದವರು ಅಲ್ಲಿ ಇದ್ದೇ ಇದ್ದರು. ಅಂದರೆ ನಾನು ಎರಡು ಗಂಟೆ ಕಾರು ಓಡಿಸಿ, ನಾಯಿಗಳನ್ನು ದಾಟಿ, ಉಳಿಸಿಕೊಡುತ್ತಿದ್ದ ಲಕೋಟೆಗಳಲ್ಲಿ ಕೆಲವಾದರೂ ನನ್ನ ನಿದ್ದೆ ಕೆಡಿಸಿದ ಮತಗಳೇ. ಯಾವುದು ಎಂದು ತಿಳಿಯುವ ದಾರಿಯಿಲ್ಲ, ಲಕೋಟೆ ಒಡೆದ ಮೇಲೆ ಕಾಗದಕ್ಕೂ ಹೆಸರಿಗೂ ಸಂಬಂಧ ಕಡಿದುಹೋಗುತ್ತದೆ. ಮೊದಲ ದಿನ ಇದು ಹೊಳೆದಾಗ ಕಾರಿನಲ್ಲಿ ಕುಳಿತು ಗೆಳತಿಗೆ ಹೇಳಿದೆ. ಅವಳು ಬುತ್ತಿಯ ಚಿತ್ರಾನ್ನ ತಿನ್ನುತ್ತಾ, "ಹಾಗಾದರೆ ಆ ಅಜ್ಜಿಯ ಫಾರಂ ವಾಪಸು ಕೊಟ್ಟು ಬರೋಣವೇ?" ಎಂದಳು. ಛೇ, ಅದು ಹೇಗೆ ಎಂದೆ. "ಮತ್ತೆ ಸುಮ್ಮನಿರು" ಎಂದಳು.

ಬೇಸರ ಕರಗತೊಡಗಿದ್ದು ಅಲ್ಲಿಂದ ಎಂದು ಈಗ ಅನಿಸುತ್ತದೆ. ಕೆಲಸದಲ್ಲಿ ಮುಳುಗಿದರೆ ದುಃಖ ಮರೆಯುತ್ತದೆ ಎನ್ನುವ ಮಾತು ಅಷ್ಟು ನಿಜವಲ್ಲ, ಅದರಲ್ಲಿ ಮುಳುಗಿದ್ದಾಗಲೂ ರೇಡಿಯೊದಲ್ಲಿ ಹೊಸ ಸಂಪುಟದ ಹೆಸರುಗಳು ಬಂದರೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತಿತ್ತು. ಆದರೆ ನಕ್ಷೆಗಳನ್ನು ಹಿಗ್ಗಿಸಿ ನೋಡುತ್ತಿದ್ದಾಗ ನನಗೆ 'ಅವರು' ಎಂಬ ಒಂದು ದೊಡ್ಡ ಗುಂಪಿತ್ತು. ಬೈಯಲು ಅನುಕೂಲವಾದ, ಮುಖವಿಲ್ಲದ ಗುಂಪು. ಮಿಠಾಯಿ ಡಬ್ಬದ ಮುಚ್ಚಳದ ಮೇಲೆ ಸಹಿ ಅಭ್ಯಾಸ ಮಾಡಿದ ಅಜ್ಜಿ ಅದರೊಳಗೆ ಇದ್ದರೇ, ಹೊರಗಿದ್ದರೇ? ಗೊತ್ತಿಲ್ಲದವರನ್ನು ಬೈಯುವುದು ಹೇಗೆ? ಬೈಗುಳ ನಿಂತ ಮೇಲೆ ಉಳಿದದ್ದು ಬರೀ ಸೋಲು. ಅದು ಹೊರಲಾರದಷ್ಟು ದೊಡ್ಡದೇನೂ ಆಗಿರಲಿಲ್ಲ.

ಎಲ್ಲರೂ ಚಹಾ ಕೊಟ್ಟರು ಎಂದುಕೊಳ್ಳಬೇಡಿ. ಲಾಸ್ ಬಾನೋಸ್‌ನಲ್ಲಿ ಒಬ್ಬರು ಜಾಲರಿ ಬಾಗಿಲ ಹಿಂದೆಯೇ ನಿಂತು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಫಾರಂ ಓದಿದರು. ವಂಚನೆ ಮಾಡಿದರೆ ಜೈಲು ಎಂದು ಅದರಲ್ಲಿರುವ ಸಾಲನ್ನು ಬೆರಳಿಟ್ಟು ತೋರಿಸಿದರು. ಇದು ಸುಳ್ಳು ಹೇಳುವವರಿಗೆ, ನಿಮ್ಮ ಮತ ನಿಮ್ಮದೇ ತಾನೇ ಎಂದೆ. "ನನ್ನದೇ. ಆದರೆ ನನ್ನ ಸಹಿಯನ್ನು ಒಮ್ಮೆ ನಂಬದವರಿಗೆ ಇನ್ನೊಮ್ಮೆ ಏಕೆ ಕೊಡಲಿ?" ಎಂದು ಫಾರಂ ವಾಪಸು ಕೊಟ್ಟು ಒಳಗೆ ಹೋದರು. ಅವರ ಮಾತಿಗೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಈ ನಡುವೆ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಗೇಲಿ ನಡೆದಿತ್ತು. ಅದೇ ವರ್ಷದ ಜೂನ್ 4ರಂದು ಭಾರತ 64 ಕೋಟಿ ಮತಗಳನ್ನು ಒಂದೇ ದಿನದಲ್ಲಿ ಎಣಿಸಿ ಮುಗಿಸಿತು, ಚಂದ್ರನ ಮೇಲೆ ಇಳಿದವರಿಗೆ ಒಂದು ತಿಂಗಳು ಬೇಕೇ ಎಂದು. ಮೇಲ್ನೋಟಕ್ಕೆ ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಯಂತ್ರದಲ್ಲಿ ಇರುವುದು ಒಂದು ಸ್ಪರ್ಧೆ, ಒಂದು ಗುಂಡಿ. ಆ ವರ್ಷದ ಕ್ಯಾಲಿಫೋರ್ನಿಯಾ ಮತಪತ್ರದಲ್ಲಿ ಅಧ್ಯಕ್ಷರಿಂದ ಹಿಡಿದು ಶಾಲಾ ಮಂಡಳಿಯವರೆಗೆ ಸ್ಥಾನಗಳು, ಅದರ ಮೇಲೆ ಮತದಾರರೇ ಹೌದು ಅಥವಾ ಇಲ್ಲ ಎಂದು ತೀರ್ಮಾನಿಸಬೇಕಾದ ರಾಜ್ಯವ್ಯಾಪಿ ಪ್ರಸ್ತಾವಗಳೇ 10. ಹಾಗಿದ್ದರೂ ನಿಧಾನಕ್ಕೆ ದೊಡ್ಡ ಕಾರಣ ಎಣಿಕೆಯಲ್ಲ, ಸಹಿ ಹೋಲಿಸುವುದು ಮತ್ತು ಹೊಂದದವರಿಗಾಗಿ ಕಾಯುವುದು. ನಮ್ಮಲ್ಲಿ ಅಂಚೆ ಮತದ ಜೊತೆ ಇಡಬೇಕಾದ 13ಎ ನಮೂನೆಯ ಘೋಷಣೆಗೆ ಸಹಿಯೋ ದೃಢೀಕರಣವೋ ಇಲ್ಲದಿದ್ದರೆ ಮತಪತ್ರದ ಒಳಲಕೋಟೆಯನ್ನು ಒಡೆಯದೆಯೇ ತಿರಸ್ಕರಿಸುತ್ತಾರೆ. ಬನ್ನಿ, ಸರಿಪಡಿಸಿ ಎಂದು ಯಾರೂ ಕರೆಯುವುದಿಲ್ಲ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮಧ್ಯರಾತ್ರಿಯವರೆಗೆ ಗದ್ದಲವಾಗಿ ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರ ವಿರುದ್ಧ 16 ಮತಗಳಿಂದ ಗೆದ್ದದ್ದು ನೆನಪಿರಬಹುದು. ಜಗಳವೆಲ್ಲ ಮೊದಲು ತಿರಸ್ಕೃತವಾಗಿದ್ದ ಅಂಚೆ ಮತಗಳ ಮೇಲೆಯೇ. ಇನ್ನು 2004ರ ಸಂತೇಮರಹಳ್ಳಿಯನ್ನಂತೂ ಯಾರೂ ಮರೆತಿಲ್ಲ. ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಗುಂಪಿನಲ್ಲಿ ಈ ಎರಡು ಅಂಕಿಗಳನ್ನು ಹಾಕಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ, ಆಮೇಲೆ ಯಾರೋ ಶುಭೋದಯದ ಹೂವು ಹಾಕಿದರು.

ನವೆಂಬರ್ ಕೊನೆಗೆ ಗ್ರೇ ಮುಂದೆ ಬಂದರು. ಡಿಸೆಂಬರ್ 3ರಂದು ಡುವಾರ್ಟೆ ಸೋಲೊಪ್ಪಿಕೊಂಡರು. ಆ ವರ್ಷ ಕಾಂಗ್ರೆಸ್‌ನ ಕೆಳಮನೆಯಾದ ಪ್ರತಿನಿಧಿ ಸಭೆಯ 435 ಸ್ಥಾನಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಇತ್ಯರ್ಥವಾದದ್ದು ಇದೇ. 1,05,554ಕ್ಕೆ 1,05,367, ಅಂತರ 187. ಸುದ್ದಿ ಬಂದಾಗ ನಾನು ಕಚೇರಿಯ ಸಭೆಯೊಂದರಲ್ಲಿದ್ದೆ. ಸಂತೋಷವಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚು ಕಾಡಿದ್ದು ಅದೇ ಸಂಜೆ ಹುಟ್ಟಿದ ಒಂದು ಯೋಚನೆ. 187 ಮತಗಳಿಂದ ಸೋತವರ ಕಡೆಯೂ ಯಾರೋ ರಟ್ಟು ಹಿಡಿದುಕೊಂಡು ಅದೇ ಮಂಜಿನಲ್ಲಿ ಓಡಾಡಿದ್ದರಲ್ಲ. ಲಾಸ್ ಬಾನೋಸ್‌ನ ಪೆಟ್ರೋಲ್ ಬಂಕಿನಲ್ಲಿ ಒಮ್ಮೆ ಅಂಥ ಇಬ್ಬರು ಸಿಕ್ಕಿದ್ದರು. ಕೈಯಲ್ಲಿ ನಮ್ಮಂಥದೇ ಫಾರಂ ನೋಡಿ ಗುರುತು ಹಿಡಿದೆವು. ಯಾವ ಬೀದಿಯಲ್ಲಿ ನಾಯಿ ಬಿಟ್ಟಿದ್ದಾರೆ ಎಂದು ಪರಸ್ಪರ ಹೇಳಿಕೊಂಡೆವು, ಅಷ್ಟೇ. ಈಗ ಅವರಿಗೆ ಊಟ ಸೇರುತ್ತಿದೆಯೋ ಇಲ್ಲವೋ.

ಈ ಗೆಲುವಿನಿಂದ ಬಹುಮತವೇನೂ ಬದಲಾಗಲಿಲ್ಲ. ತಮ್ಮನಿಗೆ ಅದನ್ನು ಬಿಟ್ಟು ಬೇರೆ ಏನೂ ಕೇಳಿಸಲಿಲ್ಲ.

"ಹಾಗಾದರೆ ಸಭೆಯಲ್ಲಿ ಲೆಕ್ಕ ಎಷ್ಟಾಯಿತು ಅಕ್ಕ?"

"220ಕ್ಕೆ 215. ನಾವು 215."

"ಆ 187ರಲ್ಲಿ ನೀನು ತಂದದ್ದು ಎಷ್ಟು?"

"ಹೇಗೆ ಗೊತ್ತಾಗಬೇಕು? ಅವು ಯಾರಿಗೆ ಬಿದ್ದವೋ."

"ಎರಡು ಗಂಟೆ ಹೋಗಿ, ಎರಡು ಗಂಟೆ ಬಂದು, ಯಾರಿಗೆ ಬಿದ್ದವೋ ಗೊತ್ತಿಲ್ಲ ಎನ್ನುತ್ತೀಯಲ್ಲ" ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಕೇಳಿದೆ, ತಿಪಟೂರಿನ ಪಟ್ಟಿಯಲ್ಲಿರುವ ನಿನ್ನ ಹೆಸರನ್ನು ಬೆಂಗಳೂರಿಗೆ ಬದಲಿಸಿಕೊಂಡೆಯಾ? ಅವನು ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಯಿತು. ಮತದಾನದ ದಿನ ಊರಿಗೆ ಹೋಗಲು ರಜೆ ಸಿಗುವುದಿಲ್ಲ, ಇಲ್ಲಿನ ಪಟ್ಟಿಯಲ್ಲಿ ಹೆಸರಿಲ್ಲ, ಹೀಗಾಗಿ ಎರಡೂ ಕಡೆ ಮತ ಹಾಕದವರ ದೊಡ್ಡ ಸಂಘದ ಆಜೀವ ಸದಸ್ಯ.

"ಮಾಡುತ್ತೇನೆ ಬಿಡಕ್ಕ, ಅದೇನೋ ಫಾರಂ ಇದೆಯಲ್ಲ."

"8ನೇ ನಮೂನೆ. ಆನ್‌ಲೈನ್‌ನಲ್ಲೇ ಹಾಕಬಹುದು."

"ವಿಳಾಸದ ದಾಖಲೆ ಬೇಕು. ಬಾಡಿಗೆ ಕರಾರುಪತ್ರ ಎಲ್ಲಿಟ್ಟಿದ್ದಾಳೋ ಇವಳು."

"ಕರಾರುಪತ್ರ ಬೇಡ, ಗ್ಯಾಸಿನ ಬಿಲ್ಲು ಇದ್ದರೂ ಆಗುತ್ತದೆ. ಹುಡುಕು, ನಾನು ಫೋನಿನಲ್ಲೇ ಇರುತ್ತೇನೆ."

"ಈಗಲೇ?"

ಈಗಲೇ ಎಂದೆ.